ಒಂದೇ ಪುಟ, ರೂಪ ಯಾಕೆ ಬೇರೆ?

ಗುರುಗಳು ಉಕ್ತಲೇಖನ ಹೇಳಿದಾಗ ಪದ ಒಂದೇ, ನಮ್ಮ ಕೈಬರಹ ಬೇರೆ ಬೇರೆ ಅಲ್ವಾ? ವೆಬ್‌ಸೈಟೂ ಹಾಗೇ. ಅದು ಫೋಟೋ ಅಲ್ಲ. ಕಂಪ್ಯೂಟರಿಗೆ ಬರೋದು ಅಕ್ಷರಗಳ ಸಂಖ್ಯೆ ಮತ್ತು ಜೋಡಿಸುವ ಸೂಚನೆ. ಆಕಾರವನ್ನು ಫಾಂಟ್ ಕೊಡುತ್ತದೆ. ಫಾಂಟ್ ಬೇರೆಯಾದರೆ ರೂಪ ಬೇರೆ. ಪರದೆ ಚಿಕ್ಕದಾದರೆ ಸಾಲು ಬೇಗ ಮುರಿಯುತ್ತೆ.

ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯಲ್ಲೇ ಕನ್ನಡವನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣ್ತಿದ್ದವು. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೇ ಪ್ರತ್ಯೇಕ ಸಂಖ್ಯೆ ಕೊಟ್ಟಿತು. ಅದರಲ್ಲಿ ‘ಕ’ ಎಂದರೆ ಎಲ್ಲೆಡೆ 3221.

ಆದ್ದರಿಂದ ಅರ್ಜಿಯಾಗಲಿ, ಪಾಠವಾಗಲಿ ಯೂನಿಕೋಡಿನಲ್ಲೇ ಟೈಪ್ ಮಾಡಿಸಬೇಕು ಅಂತ ನನ್ನ ಅನಿಸಿಕೆ. ಅಕ್ಷರದ ಅಂದ ಬದಲಾದರೆ ನಷ್ಟವಿಲ್ಲ. ಓದೋಕೇ ಬರದಿದ್ದರೆ ಬರೆದದ್ದೆಲ್ಲ ವ್ಯರ್ಥ.