ನಗಿಸಿದವರನ್ನು ನಗುತ್ತಲೇ ನೆನೆಯಿರಿ

ನಾಶಿಕದ ರಾಮಕುಂಡದಲ್ಲಿ ಅಸ್ಥಿ ಬಿಟ್ಟು ಬಂದ ಮನೆಯವರಿಗೆ ಒಂದು ಮಾತು: ಅಪ್ಪನ ಫೋಟೋಗೆ ಹಾರ ಹಾಕುವಷ್ಟೇ ಆಸ್ಥೆಯಿಂದ ಅವರ ತಮಾಷೆಗಳನ್ನೂ ಬರೆದಿಡಿ. ‘ಒಳ್ಳೆಯವರು, ಉದಾರಿ’ ಎಂಬ ಮಾತು ಯಾರಿಗಾದರೂ ಒಪ್ಪೀತು. ನಗೆಯ ಧಾಟಿ ಅವರೊಬ್ಬರದೇ. ಛತ್ರಪತಿ ಸಂಭಾಜಿನಗರದ ಕನ್ನಡ ಮನೆಗಳಲ್ಲಂತೂ ಈ ಕೆಲಸ ತುರ್ತಿನದು. ಔರಂಗಾಬಾದ್ ಎನಿಸಿಕೊಂಡಿದ್ದ ಆ ಊರು 1956ರವರೆಗೆ ಕಲಬುರಗಿ, ಬೀದರ್, ರಾಯಚೂರುಗಳ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹಿರಿಯರ ಚಟಾಕಿ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲೋ ದಖನಿಯಲ್ಲೋ ಮುಗಿದಿರಬಹುದು. ಅದನ್ನು ತಿದ್ದಬೇಡಿ, ಆಡಿದ ಹಾಗೇ ಬರೆಯಿರಿ.

ಸೂತಕದ ಮನೆಯಲ್ಲಿ ನಗೆಯೇ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಅಮ್ಮನ ಮನಸ್ಸು ನೋಡಿಕೊಂಡು ಹದಿಮೂರು ದಿನ ತಾಳಿ. ವರ್ಷಾಂತಿಕದವರೆಗೆ ಮಾತ್ರ ಕಾಯಬೇಡಿ, ಅಷ್ಟರಲ್ಲಿ ಮಾತಿನ ವರಸೆ ಮರೆತುಹೋಗುತ್ತದೆ. ಗೌರವ ಕುಗ್ಗೀತೆಂಬ ಅಳುಕೂ ಬೇಡ. ಪೂರ್ಣಚಂದ್ರ ತೇಜಸ್ವಿಯವರು ತಂದೆಯ ಬಗ್ಗೆ ಬರೆದ ‘ಅಣ್ಣನ ನೆನಪು’ ಓದಿದವರಿಗೆ ಕುವೆಂಪು ಸಣ್ಣವರಾಗಲಿಲ್ಲ, ಮಹಾಕವಿ ಮನೆಯವರಾದರು. ಇನ್ನೊಂದು: ಸ್ವಂತ ಮಕ್ಕಳೆದುರು ಆಡದ ತುಂಟ ಮಾತನ್ನು ಅಪ್ಪ ಅಣ್ಣತಮ್ಮಂದಿರ ಮಕ್ಕಳೆದುರು ಆಡಿರುತ್ತಾರೆ. ‘ಕಾಕಾ’ ಎಂದು ಅವರನ್ನು ಕರೆದವರಿಗೆ ಈ ವಾರವೇ ಫೋನ್ ಮಾಡಿ ಕೇಳಿ.