ಗಣಕವಿದ್ಯೆಯಲ್ಲಿ ಶೇಷಕಾರ್ಯ: ಒಂದು ವಿವೇಚನೆ

‘ಬಂದು’, ‘ನೋಡಿ’, ‘ಕೇಳಿ’ ಮುಂತಾದ ಕೃದಂತಾವ್ಯಯಗಳಿಂದ ವಾಕ್ಯವು ಮುಗಿಯುವುದಿಲ್ಲ; ಅವುಗಳಿಗೆ ಮುಂದಿನ ಕ್ರಿಯಾಪದದ ಆಕಾಂಕ್ಷೆಯಿರುತ್ತದೆ. ‘ರೈತನು ಪೇಟೆಗೆ ಬಂದು’ ಎಂದು ನಿಲ್ಲಿಸಿದರೆ, ನಡೆಯಬೇಕಾದುದು ಇನ್ನೂ ಉಳಿದಿದೆಯೆಂದು ಕೇಳುಗನು ಕಾಯುತ್ತಾನೆ. ಗಣಕವಿದ್ಯೆಯಲ್ಲಿ, ನಿಂತ ಸ್ಥಳದಿಂದ ಮುಂದೆ ನಡೆಯಬೇಕಾದ ಸಮಸ್ತ ಕಾರ್ಯಕ್ಕೆ ‘ಕಂಟಿನ್ಯುಯೇಷನ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ಶೇಷಕಾರ್ಯವೆನ್ನಬಹುದು. ನಡುವೆ ನಿಂತು, ಅನ್ಯಕಾರ್ಯಕ್ಕೆ ಎಡೆಗೊಟ್ಟು, ನಿಂತಲ್ಲಿಂದಲೇ ಮುಂದುವರಿಯುವ ಕ್ರಮವಿಧಿಯು ‘ಕೋರೂಟೀನ್’. ಮೆಲ್ವಿನ್ ಕಾನ್ವೇ ಅವರು 1963ರ ಪ್ರಬಂಧದಲ್ಲಿ ಇದನ್ನು ವಿವರಿಸಿದರು. 2015ರಲ್ಲಿ ಪೈಥಾನ್ ಭಾಷೆಗೆ ಸೇರಿದ ‘ಅವೈಟ್’ ಎಂಬ ಪದವು ನಮ್ಮ ‘ಕಾದು’ ಎಂಬುದಕ್ಕೆ ಸಮಾನವಾದುದು.

ಇದರ ಪ್ರಯೋಜನವು ಜಾಲತಾಣಗಳಲ್ಲಿ ವಿದಿತವಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮಾಲು ಕೊಂಡ ವರ್ತಕನೊಬ್ಬನು ಹಾವೇರಿಯಲ್ಲಿ ಕುಳಿತು, ರಾಣೇಬೆನ್ನೂರಿನ ರೈತನಿಗೆ ಜಾಲತಾಣದ ಮೂಲಕ ಹಣ ಸಲ್ಲಿಸುವನೆಂದು ಭಾವಿಸೋಣ. ಮೊದಲ ಪುಟದಲ್ಲಿ ಲಾಟಿನ ಸಂಖ್ಯೆ, ಎರಡನೆಯದರಲ್ಲಿ ಮೊತ್ತ, ಮೂರನೆಯದರಲ್ಲಿ ಒಪ್ಪಿಗೆ. ಜಾಲದ ಸಂದೇಶಗಳು ಒಂದನ್ನೊಂದು ಅರಿಯವು. ಆದುದರಿಂದ ಪ್ರತಿ ಪುಟದ ಬಳಿಕ ಶೇಷಕಾರ್ಯವನ್ನು ಕಾದಿರಿಸಿ, ಅದರ ಗುರುತನ್ನು ಪುಟದೊಡನೆ ಕಳುಹಿಸಿದರೆ, ಮೂರು ಪುಟಗಳ ವ್ಯವಹಾರವನ್ನು ಒಂದೇ ವಾಕ್ಯದಂತೆ ಅಖಂಡವಾಗಿ ಬರೆಯಬಹುದು. ಫ್ರಾನ್ಸಿನ ಕ್ರಿಸ್ತಿಯಾಂ ಕೆನೆಕ್ ಅವರು 2000ದಲ್ಲಿ ಈ ಮಾರ್ಗವನ್ನು ಪ್ರತಿಪಾದಿಸಿದರು.

ಹೀಗಿರಲು, ವರ್ತಕನು ಹಿಂದಿನ ಪುಟಕ್ಕೆ ಮರಳಿ ಒಪ್ಪಿಗೆಯ ಗುಂಡಿಯನ್ನು ಪುನಃ ಒತ್ತಿದರೆ ಗತಿಯೇನು? ಶೇಷಕಾರ್ಯವನ್ನು ಎಷ್ಟು ಸಲವಾದರೂ ನಡೆಸಬಹುದಾಗಿದ್ದರೆ, ಒಂದೇ ಮಾಲಿಗೆ ಎರಡು ಬಾರಿ ಹಣ ಸಂದಾಯವಾದೀತು. ‘ಒನ್-ಷಾಟ್’ ಎಂಬ ಬಗೆಯ ಶೇಷಕಾರ್ಯವಾದರೋ ಒಮ್ಮೆ ಬಳಸಿದೊಡನೆ ತೀರಿಹೋಗುತ್ತದೆ. ಎರಡನೆಯ ಕರೆ ತಿರಸ್ಕೃತವಾಗುತ್ತದೆ. ಮರುಬಳಕೆಗೆಂದು ನಕಲು ಮಾಡಿಡುವ ಶ್ರಮವೂ ಇದರಲ್ಲಿ ಉಳಿಯುವುದೆಂದು ಬ್ರಗ್‌ಮನ್, ವ್ಯಾಡೆಲ್, ಡಿಬ್‌ವಿಗ್ ಎಂಬ ಮೂವರು 1996ರಲ್ಲಿ ತೋರಿಸಿದರು. ಕೋರೂಟೀನಿನ ಸ್ವಭಾವವೂ ಅಂತೆಯೇ. ಮುಂದೆ ಸಾಗಿದ ಮೇಲೆ ಅದು ಹಿಂದಿನ ನಿಲುಗಡೆಗೆ ಮರಳದು.

ಆದರೆ ಇದೊಂದೇ ಸಾಲದು. ಧಾರಣೆಯ ಪಟ್ಟಿ ನೋಡುವವನಿಗೆ ಹಿಂದಿರುಗುವ ಸ್ವಾತಂತ್ರ್ಯ ಬೇಕು; ಅಲ್ಲಿ ಪುನಃಪ್ರಯೋಗವು ದೋಷವಲ್ಲ, ಗುಣ. ಅಲ್ಲದೆ ಯಂತ್ರದ ಸ್ಮೃತಿಯಲ್ಲಿಟ್ಟ ಶೇಷಕಾರ್ಯವು ಯಂತ್ರ ನಿಂತೊಡನೆ ಅಳಿಯುತ್ತದೆ. ಆದಕಾರಣ ಹಣದ ಪ್ರತಿ ವ್ಯವಹಾರಕ್ಕೂ ಪ್ರತ್ಯೇಕ ಕ್ರಮಸಂಖ್ಯೆ ಕೊಟ್ಟು ಅಳಿಯದ ಲೆಕ್ಕದಲ್ಲಿ ದಾಖಲಿಸುವುದು ಅವಶ್ಯ.

ಯಾವುದನ್ನು ಮತ್ತೆ ಮಾಡಬಹುದು, ಯಾವುದನ್ನು ಒಮ್ಮೆ ಮಾತ್ರ ಮಾಡತಕ್ಕದ್ದು ಎಂಬ ವಿವೇಕವನ್ನು ವಿದ್ಯಾರ್ಥಿಗೆ ಮೊದಲು ಕಲಿಸಬೇಕು. ಕ್ರಮವಿಧಿಯ ಭಾಷೆ ಅನಂತರದ್ದು. ಒಬ್ಬರ ದುಡಿಮೆಯ ಫಲವು ಇನ್ನೊಬ್ಬರ ಕೈಸೇರುವಲ್ಲಿ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದೂ ಕಾಯಕವೇ ಸರಿ.