ರೈಲು ಬರುವ ಮುನ್ನ ಹಲಗೆಯ ಮೇಲೊಂದು ಹಳಿ

ಬೆಂಗಳೂರಿನ ಕಡೆಯಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅಲ್ಲಿಂದ ಮುಂದೆ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಪಟ್ಟಣಗಳಿಗೆ ಅದು ಇನ್ನೂ ಬರಬೇಕಿದೆ. ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯ ಹುಡುಗನೊಬ್ಬ ರೈಲು ನೋಡಬೇಕೆಂದರೆ ಹಿಂದೂಪುರಕ್ಕೋ ಗೌರಿಬಿದನೂರಿಗೋ ಬಸ್ಸು ಹತ್ತಬೇಕು. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದು ಆಂಧ್ರದ ರಾಯದುರ್ಗ ಸೇರುವ ತುಮಕೂರು–ರಾಯದುರ್ಗ ಮಾರ್ಗದ ಮಾತು, ಭೂಸ್ವಾಧೀನ, ಮಣ್ಣಿನ ಕೆಲಸಗಳನ್ನು ಈ ಭಾಗದ ಜನ ವರ್ಷಗಳಿಂದ ಕೇಳುತ್ತ, ನೋಡುತ್ತ ಬಂದಿದ್ದಾರೆ. ಶಿರಾಕ್ಕೂ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗದ ನಿರೀಕ್ಷೆ ಇದೆ.

ಕಾಯುವ ಈ ಕಾಲದಲ್ಲೇ ಮಕ್ಕಳ ಕೈಯಲ್ಲಿ ಆ ರೈಲನ್ನು ಓಡಿಸಬಹುದು. ಮಾದರಿ ರೈಲು ಕಟ್ಟುವ ಹವ್ಯಾಸ ಎಂದರೆ ಅಂಗಡಿಯ ಆಟಿಕೆಗೆ ಕೀಲಿ ಕೊಟ್ಟು ಬಿಡುವುದಲ್ಲ. ನಿಜವಾದ ಎಂಜಿನ್, ಬೋಗಿ, ನಿಲ್ದಾಣ, ಸೇತುವೆ, ಗುಡ್ಡಗಳನ್ನು ಒಂದೇ ಅಳತೆಗೆ ಇಳಿಸಿ, ಹಳಿ ಹಾಸಿ, ವಿದ್ಯುತ್ ಹರಿಸಿ ಓಡಿಸುವುದು. ಬಡಗಿಯ ಕೆಲಸ, ಲೆಕ್ಕ, ಚಿತ್ರ, ವೈರಿಂಗ್, ಊರಿನ ಭೂಗೋಳ ಎಲ್ಲವೂ ಒಂದೇ ಹಲಗೆಯ ಮೇಲೆ ಸೇರುವುದರಿಂದ ಮನೆಯ ಪ್ರತಿಯೊಬ್ಬರಿಗೂ ಇದರಲ್ಲೊಂದು ಕೆಲಸವಿದೆ. ಅಪ್ಪ ಕಟ್ಟಿ ಮಗ ನೋಡುವ ಹವ್ಯಾಸವಾಗಿ ಇದು ಉಳಿಯಬೇಕಿಲ್ಲ. ಅಮ್ಮ, ಅಜ್ಜಿ, ಹೆಣ್ಣುಮಕ್ಕಳು ಮೊದಲ ದಿನದಿಂದಲೇ ಜೊತೆಯಾದರೆ ಹಲಗೆ ಬೇಗ ತುಂಬುತ್ತದೆ, ಹವ್ಯಾಸವೂ ಬಹುಕಾಲ ಬಾಳುತ್ತದೆ.

ಮೊದಲು ನಿಜವಾದ ರೈಲು

ಸಾಮಾನು ಕೊಳ್ಳುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ಹಿಂದೂಪುರ ಅಥವಾ ತುಮಕೂರು ನಿಲ್ದಾಣಕ್ಕೆ ಕರೆದೊಯ್ಯಬೇಕು. ಪ್ಲಾಟ್‌ಫಾರಂ ಟಿಕೆಟ್ ಪಡೆದು, ಅಂಚಿನ ಹಳದಿ ಗೆರೆಯ ಹಿಂದೆ ನಿಂತು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿಸಬೇಕು: ಬೋಗಿಗೆ ಎಷ್ಟು ಕಿಟಕಿ, ಬಾಗಿಲು ಎಲ್ಲಿ, ಊರಿನ ಹೆಸರಿನ ಹಳದಿ ಫಲಕದಲ್ಲಿ ಯಾವ ಯಾವ ಭಾಷೆ, ಸಿಗ್ನಲ್ಲಿನಲ್ಲಿ ಯಾವ ಬಣ್ಣದ ಮೇಲೆ ಯಾವ ಬಣ್ಣ. ಹಳಿಗೆ ಇಳಿಯುವುದು, ಹಳಿಯ ಪಕ್ಕ ನಿಂತು ಸೆಲ್ಫಿ ತೆಗೆಯುವುದು ಖಂಡಿತ ಕೂಡದು. ಹವ್ಯಾಸದ ಮೊದಲ ಪಾಠವೇ ಇದಾಗಬೇಕು.

ರಜೆಯಲ್ಲಿ ಮೈಸೂರಿನ ರೈಲು ವಸ್ತುಸಂಗ್ರಹಾಲಯವನ್ನು ಬಿಡಬಾರದು. 1979ರಲ್ಲಿ ಆರಂಭವಾದ ಆ ಸಂಗ್ರಹಾಲಯದಲ್ಲಿ ಹಳೆಯ ಉಗಿ ಎಂಜಿನ್ನುಗಳಿವೆ, ಮೈಸೂರು ಮಹಾರಾಣಿಯವರ ಸಲೂನ್ ಬೋಗಿ ಇದೆ; ಚಕ್ರ, ಸ್ಪ್ರಿಂಗ್, ಕೊಂಡಿಗಳನ್ನು ಮಕ್ಕಳು ಹತ್ತಿರದಿಂದ ಕಾಣಬಹುದು. ಉತ್ತರದ ಕಡೆ ಹೋಗುವವರಿಗೆ ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ಸಂಗ್ರಹಾಲಯವಿದೆ. ಮಾದರಿ ರೈಲನ್ನೇ ನೋಡಬೇಕೆನ್ನುವವರು ಪುಣೆಯ ಕೋಥ್ರೂಡಿನಲ್ಲಿ ಜೋಶಿ ಕುಟುಂಬ 1998ರಲ್ಲಿ ತೆರೆದ ಕಿರು ರೈಲುಗಳ ಸಂಗ್ರಹಾಲಯಕ್ಕೆ ಹೋಗಬಹುದು. ಒಬ್ಬರ ಮನೆಯ ಹವ್ಯಾಸ ಎಷ್ಟು ಎತ್ತರಕ್ಕೆ ಬೆಳೆಯಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಇರುವ ಸಾಕ್ಷಿ ಅದು.

ಅಳತೆ: ನೂರಕ್ಕೆ ಒಂದು

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಎಚ್‌ಒ' ಎಂಬ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಭಾಗ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬ್ರೌನ್ ಸಹೋದರರು 2001ರಲ್ಲಿ ತೆರೆದ 'ಮಿನಿಯಾಟೂರ್ ವುಂಡರ್‌ಲ್ಯಾಂಡ್' ಎಂಬ ಬೃಹತ್ ಮಾದರಿ ಲೋಕ ಇರುವುದೂ ಈ ಅಳತೆಯಲ್ಲೇ. ಅದಕ್ಕಿಂತ ಚಿಕ್ಕದು 'ಎನ್', 160ರಲ್ಲಿ ಒಂದು ಭಾಗ. ಜಾಗ ಕಡಿಮೆ ಇರುವವರಿಗೆ ಅದು ಒಗ್ಗುತ್ತದೆಯಾದರೂ ಚಿಕ್ಕ ಕೈಗಳಿಗೆ ಬಿಡಿಭಾಗ ಹಿಡಿಯುವುದು ಕಷ್ಟ.

ನಮ್ಮ ಮಕ್ಕಳಿಗೆ ಇನ್ನೊಂದು ದಾರಿ ಹೆಚ್ಚು ಹೊಂದುತ್ತದೆ. ಎಚ್‌ಒ ಹಳಿಯ ಎರಡು ಕಂಬಿಗಳ ನಡುವಿನ ಅಂತರ 16.5 ಮಿ.ಮೀ. ಭಾರತದ ಬ್ರಾಡ್‌ಗೇಜ್‌ನಲ್ಲಿ ಅದೇ ಅಂತರ 1,676 ಮಿ.ಮೀ. ನೂರರಿಂದ ಭಾಗಿಸಿದರೆ 16.76! ವಿದೇಶಿ ಅಳತೆಯ ಹಳಿಯೇ ನಮ್ಮ ರೈಲಿಗೆ ಹೆಚ್ಚುಕಡಿಮೆ ಸರಿಹೋಗುವ ಅಳತೆ ಇದು. ಲೆಕ್ಕವೂ ಸಲೀಸು. ನಿಜದ ಒಂದು ಮೀಟರ್ ಎಂದರೆ ಮಾದರಿಯ ಒಂದು ಸೆಂಟಿಮೀಟರ್. ಐದನೇ ತರಗತಿಯ ಮಗು ಕ್ಯಾಲ್ಕುಲೇಟರ್ ಇಲ್ಲದೆ ಮಾಡುತ್ತದೆ.

ಹಾಗಾಗಿ ಮೊದಲ ಪ್ರಯೋಗ ಒಂದು ರಟ್ಟಿನ ಬೋಗಿ. ಚೆನ್ನೈನ ಪೆರಂಬೂರಿನ ಕಾರ್ಖಾನೆಯಲ್ಲಿ 1955ರಿಂದ ದಶಕಗಳ ಕಾಲ ತಯಾರಾದ, ಎಲ್ಲರೂ ಕಂಡಿರುವ ಆ ನೀಲಿ ಬೋಗಿಯ ಮೈ ಉದ್ದ ಸುಮಾರು 21.3 ಮೀಟರ್, ಅಗಲ ಸುಮಾರು 3.25 ಮೀಟರ್. ಮಾದರಿಗೆ 21.3 ಸೆಂ.ಮೀ. ಉದ್ದ, ಮೂರೂಕಾಲು ಸೆಂ.ಮೀ. ಅಗಲ. ಹಳೆಯ ಮದುವೆ ಪತ್ರಿಕೆಯ ದಪ್ಪ ಕಾಗದ ಇದಕ್ಕೆ ಬಹಳ ಚೆನ್ನ. ಎರಡು ಪಕ್ಕ, ತಳ, ಎರಡು ಕೊನೆಗಳನ್ನು ಬರೆದು ಕತ್ತರಿಸಬೇಕು; ಚಾವಣಿಯ ಕಾಗದವನ್ನು ಪೆನ್ಸಿಲ್ ಮೇಲೆ ಉರುಳಿಸಿ ಬಾಗಿಸಬೇಕು; ಬಣ್ಣ ಹಚ್ಚಿದ ಮೇಲೆಯೇ ಅಂಟಿಸಬೇಕು. ಬ್ಲೇಡು, ಕಟ್ಟರ್ ದೊಡ್ಡವರ ಕೈಯಲ್ಲಿರಲಿ. ಈ ಹಂತಕ್ಕೆ ಖರ್ಚು ಇಲ್ಲವೆಂದೇ ಹೇಳಬೇಕು. ಬೋಗಿ ಮುಗಿಸಿದ ಮಗು ಇನ್ನೊಂದು ಮಾಡುತ್ತೇನೆಂದರೆ ಆಗ ಹಳಿ, ಚಕ್ರ, ಎಂಜಿನ್ನಿಗೆ ಹಣ ಹಾಕಬಹುದು. ಮೋಟರ್ ಇರುವ ಆಮದು ಸೆಟ್ಟಿಗೆ ಹಲವು ಸಾವಿರ ರೂಪಾಯಿ ಬೇಕಾಗುವುದರಿಂದ ಈ ಕ್ರಮವೇ ಸರಿ. ಎರಡು ಮೂರು ಮನೆಯವರು ಕೂಡಿ ಒಂದು ಎಂಜಿನ್ ಕೊಂಡರೂ ಸಾಕು.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇವು ಯಾವುವೂ ಬೇಡ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲು ಅವರಿಗೆ ಸಾಕು. ಸಣ್ಣ ಬಿಡಿಭಾಗಗಳನ್ನು, ಅದರಲ್ಲೂ ಗುಂಡಿಯಾಕಾರದ ಬ್ಯಾಟರಿಗಳನ್ನು ಅವರ ಕೈಗೆಟುಕದಂತೆ ಇಡಬೇಕು. ನುಂಗಿದರೆ ಅವು ಅನ್ನನಾಳವನ್ನು ಸುಡುತ್ತವೆ.

ಒಂದು ಹಾಳೆ, ನಾಲ್ಕು ಹಲಗೆ

ಮನೆಯಲ್ಲಿ ರೈಲು ಎಂದ ತಕ್ಷಣ ಎಲ್ಲರೂ ವೃತ್ತಾಕಾರದ ಹಳಿ ನೆನೆಯುತ್ತಾರೆ. ಸುತ್ತಿ ಸುತ್ತಿ ಬರುವ ರೈಲು ಮಕ್ಕಳಿಗೆ ಬೇಗ ಬೇಸರ ತರುತ್ತದೆ, ಜಾಗವನ್ನೂ ಬಹಳ ಕೇಳುತ್ತದೆ. ತುಂಡು ತುಂಡಾಗಿ ಕಟ್ಟಿ ಜೋಡಿಸುವ ಪದ್ಧತಿಯನ್ನು ಅಮೆರಿಕದ ಹವ್ಯಾಸಿಗಳು 1970ರ ದಶಕದಲ್ಲಿ 'ಎನ್-ಟ್ರಾಕ್' ಹೆಸರಿನಲ್ಲಿ ಜನಪ್ರಿಯಗೊಳಿಸಿದರು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಒಂದು ಹಲಗೆ ಕಟ್ಟುತ್ತಾರೆ. ಅಂಚುಗಳ ಅಳತೆ ಮಾತ್ರ ಎಲ್ಲರದೂ ಒಂದೇ. ಸೇರಿದ ದಿನ ಹಲಗೆಗಳು ಕೂಡಿ ಉದ್ದದ ಮಾರ್ಗವಾಗುತ್ತವೆ.

ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಇದಕ್ಕಿಂತ ತಕ್ಕ ವಿಧಾನ ಇನ್ನೊಂದಿಲ್ಲ. ಎಂಟಡಿ ನಾಲ್ಕಡಿಯ 12 ಮಿ.ಮೀ. ಪ್ಲೈವುಡ್ ಹಾಳೆಯೊಂದನ್ನು ಬಡಗಿಯಿಂದ ನಾಲ್ಕಾಗಿ ಕೊಯ್ಯಿಸಿದರೆ ನಾಲ್ಕಡಿ ಉದ್ದ, ಎರಡಡಿ ಅಗಲದ ನಾಲ್ಕು ಹಲಗೆ ಸಿಗುತ್ತವೆ. ಒಂದು ಕೊರಟಗೆರೆ, ಒಂದು ಮಧುಗಿರಿ, ಒಂದು ಮಿಡಿಗೇಶಿ, ಒಂದು ಪಾವಗಡ. ಇಲ್ಲಿ ಊರುಗಳ ಕ್ರಮ ಬಸ್ಸಿನ ರಸ್ತೆಯದು. ರೈಲ್ವೆಯ ನಕ್ಷೆಯನ್ನು ಹಾಗೇ ಇಳಿಸುವ ಹಟ ಬೇಕಿಲ್ಲ. ಶಿರಾದ ಮಕ್ಕಳದು ಪ್ರತ್ಯೇಕ ಮಾರ್ಗವಾದ್ದರಿಂದ ಅವರು ಇನ್ನೊಂದು ಹಾಳೆ ಕೊಯ್ಯಿಸಿ, ತುಮಕೂರಿನ ಹಲಗೆಯೊಂದನ್ನು ಕಟ್ಟಿ ಇವರನ್ನು ಕೂಡಿಕೊಳ್ಳಬಹುದು.

ಒಪ್ಪಂದ ಮೂರೇ ವಿಷಯಕ್ಕೆ. ಹಲಗೆಯ ಮೇಲ್ಮೈ ನೆಲದಿಂದ 75 ಸೆಂ.ಮೀ. ಎತ್ತರದಲ್ಲಿರಬೇಕು. ಹಳಿ ಎರಡೂ ತುದಿಯಲ್ಲಿ ಅಗಲದ ಸರಿಮಧ್ಯದಿಂದ ಹೊರಡಬೇಕು, ಕೊನೆಯ ಒಂದು ಗೇಣು ನೇರವಾಗಿರಬೇಕು. ಕೊರಟಗೆರೆಯ ಕಡೆಯನ್ನು ಎಡಕ್ಕಿಟ್ಟು ನಿಂತಾಗ ಹತ್ತಿರದ ಕಂಬಿಗೆ ಕಪ್ಪು ವೈರು, ದೂರದ ಕಂಬಿಗೆ ಕೆಂಪು. ಈ ಬಣ್ಣದ ನಿಯಮ ತಪ್ಪಿದರೆ ಹಲಗೆಗಳನ್ನು ಸೇರಿಸಿದ ಕೂಡಲೇ ಶಾರ್ಟ್ ಆಗುತ್ತದೆ. ತುದಿಪಟ್ಟಿಗಳಿಗೆ ಬೋಲ್ಟಿನ ತೂತು ಕೊರೆಯುವಾಗ ಎಲ್ಲವನ್ನೂ ಒಟ್ಟಿಗೆ ಬಿಗಿದು ಒಂದೇ ಸಲ ಕೊರೆದರೆ ಯಾವ ಹಲಗೆಯಾದರೂ ಯಾವುದಕ್ಕಾದರೂ ಕೂಡುತ್ತದೆ.

ಹಳಿ ಹಾಸುವಾಗ ಕಂಬಿಗಳ ಸಂದಿಯಲ್ಲಿ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ಜಾಗ ಬಿಡಬೇಕು. ಪಾವಗಡದ ಬೇಸಿಗೆಯಲ್ಲಿ ಲೋಹ ಹಿಗ್ಗುತ್ತದೆ, ಮರ ಒಣಗಿ ಕುಗ್ಗುತ್ತದೆ; ಜಾಗ ಇಲ್ಲದಿದ್ದರೆ ಹಳಿ ಡೊಂಕಾಗುತ್ತದೆ. ಏರು ಇಡುವುದಾದರೆ ಮೀಟರಿಗೆ ಎರಡು ಸೆಂ.ಮೀ. ಮೀರಬಾರದು. ಮೊದಲ ಹಲಗೆ ಸಮತಟ್ಟಾಗಿರುವುದೇ ಒಳ್ಳೆಯದು.

ವಿದ್ಯುತ್ತಿನ ಕೆಲಸ ಸರಳ. ಶಾರ್ಟ್ ಆದರೆ ತಾನೇ ನಿಲ್ಲುವ 12 ವೋಲ್ಟ್ ಡಿ.ಸಿ. ಅಡಾಪ್ಟರ್, ವೇಗ ಹೆಚ್ಚುಕಡಿಮೆ ಮಾಡುವ ಒಂದು ರೆಗ್ಯುಲೇಟರ್, ಧನ-ಋಣ ಅದಲುಬದಲು ಮಾಡುವ ಎರಡು ಕಡೆಯ ಸ್ವಿಚ್ಚು ಸಾಕು. ಸ್ವಿಚ್ಚು ತಿರುಗಿಸಿದರೆ ಮೋಟರ್ ಹಿಮ್ಮುಖವಾಗುತ್ತದೆ, ರೈಲು ಪಾವಗಡದಿಂದ ಕೊರಟಗೆರೆಗೆ ಹೊರಡುತ್ತದೆ. ಮನೆಯ 230 ವೋಲ್ಟಿನ ವೈರನ್ನು ಹಲಗೆಯ ಹತ್ತಿರಕ್ಕೂ ತರಬಾರದು.

ಬೆಟ್ಟ, ಜಿಂಕೆ, ಸೋಲಾರ್

ಮನೆಯವರೆಲ್ಲರೂ ಕೂಡಿ ಕೂರುವ ಕೆಲಸ ಇಲ್ಲಿಂದ ಶುರು. ಮಧುಗಿರಿಯ ಏಕಶಿಲಾ ಬೆಟ್ಟ ಊರಿನಿಂದ ಸುಮಾರು 400 ಮೀಟರ್ ಮೇಲೆದ್ದಿದೆ. ನೂರಕ್ಕೆ ಒಂದರಂತೆ ಕಟ್ಟಿದರೆ ನಾಲ್ಕು ಮೀಟರ್ ಆಗಿ ಸೂರು ಮುಟ್ಟಿ ಮೇಲಕ್ಕೂ ಹೋದೀತು! ಆದ್ದರಿಂದ ಬೆಟ್ಟವನ್ನು ಕುಗ್ಗಿಸಿ ಹಲಗೆಯ ಹಿಂಬದಿಗೆ ಇಡುವುದು ರೂಢಿ. ಥರ್ಮಾಕೋಲ್ ತುಂಡುಗಳನ್ನು ಅಂಟಿಸಿ, ಮೇಲೆ ಕಾಗದದ ಮುದ್ದೆ ಮೆತ್ತಿ, ಒಣಗಿದ ಮೇಲೆ ಬೂದು ಬಣ್ಣ ಬಳಿದು, ನೀರು ಹರಿದ ಕಪ್ಪು ಕಲೆಗಳನ್ನು ಮೇಲಿಂದ ಕೆಳಕ್ಕೆ ಎಳೆಯಬೇಕು. ಈ ಸೀಮೆಯ ಬಂಡೆಗಳ ಗುರುತೇ ಆ ಕಲೆ. ಮಿಡಿಗೇಶಿಯ ಬೆಟ್ಟದ ಕೋಟೆಗೋಡೆಯನ್ನು ತೆಳು ರಟ್ಟಿನಿಂದ ಮಾಡಿ ಬಂಡೆಯ ಏರಿಳಿತಕ್ಕೆ ತಕ್ಕಂತೆ ಅಂಟಿಸಬಹುದು.

ಮಧುಗಿರಿಯ ಹಲಗೆಗೆ ಮೈದನಹಳ್ಳಿಯ ಹುಲ್ಲುಗಾವಲು ಬೇಕೇಬೇಕು. ಅಲ್ಲಿನ ಕೃಷ್ಣಮೃಗ ಈ ಅಳತೆಯಲ್ಲಿ ಎಂಟು ಮಿ.ಮೀ. ಎತ್ತರ ಬರುತ್ತದೆ, ತಂತಿ, ಜೇಡಿಮಣ್ಣಿನಲ್ಲಿ ಮಾಡಬಹುದು. ಗಂಡಿಗೆ ಕಪ್ಪು ಮೈ, ತಿರುಚಿದ ಕೊಂಬು, ಹೆಣ್ಣು ಕಂದು. ಪಾವಗಡದ ಹಲಗೆಯಲ್ಲಿ ತಿರುಮಣಿಯ ಸೌರ ಪಾರ್ಕು. ನಿಜದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ, 13 ಸಾವಿರ ಎಕರೆಯಷ್ಟು ಹರಡಿರುವ ಅದನ್ನು ಕಡುನೀಲಿ ಹೊಳಪು ಕಾಗದದ ಪಟ್ಟಿಗಳ ಸಾಲಿನಲ್ಲಿ ತೋರಿಸಬಹುದು. ಪಟ್ಟಿಗಳು ದಕ್ಷಿಣಕ್ಕೆ ವಾಲಿರಬೇಕು ಎಂದು ಗುರುತಿಸುವ ಮಗುವಿಗೆ ಸೂರ್ಯನ ದಾರಿ ಅರ್ಥವಾಗಿದೆ ಎಂದೇ ಲೆಕ್ಕ. ಹೊಲಕ್ಕೆ ಹಸಿರು ಬಣ್ಣ ಬೆರೆಸಿದ ಮರದ ಹೊಟ್ಟು, ಹುಣಸೆ-ಹೊಂಗೆ ಮರಗಳಿಗೆ ಒಣ ಕಡ್ಡಿಯ ತುದಿ ಮತ್ತು ತೆಂಗಿನ ನಾರು.

ಹಳಿಯ ಜಲ್ಲಿಗೆ ಸಣ್ಣ ಜರಡಿಯಲ್ಲಿ ಜಾಲಿಸಿದ ಮರಳು. ಹರಡಿದ ಮೇಲೆ ಸಮಪಾಲು ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಸೇರಿಸಿ ಡ್ರಾಪರಿನಿಂದ ಬಿಡಬೇಕು. ಮರಳು, ಕೆಂಪುಮಣ್ಣು ಯಾವುದನ್ನೇ ಬಳಸಲಿ, ಮೊದಲು ಅದರೊಳಗೆ ಅಯಸ್ಕಾಂತ ಆಡಿಸಬೇಕು. ಕಬ್ಬಿಣದ ಕಣಗಳು ಉಳಿದರೆ ಎಂಜಿನ್ನಿನ ಮೋಟರ್ ಅವನ್ನು ಎಳೆದುಕೊಂಡು ಕೆಡುತ್ತದೆ.

ಓಡಿಸುವುದಕ್ಕೂ ನಿಯಮವಿದೆ

ರೈಲನ್ನು ರಭಸದಿಂದ ಓಡಿಸುವ ಆಸೆ ಸಹಜ. ಆದರೆ ಗಂಟೆಗೆ 60 ಕಿ.ಮೀ. ವೇಗ ಈ ಅಳತೆಯಲ್ಲಿ ಮೀಟರಿಗೆ ಆರು ಸೆಕೆಂಡ್. ಸ್ಟಾಪ್‌ವಾಚ್ ಹಿಡಿದು ಮಕ್ಕಳೇ ನೋಡಲಿ. ನಿಲ್ದಾಣಕ್ಕೊಬ್ಬ ಸ್ಟೇಷನ್ ಮಾಸ್ಟರ್, ಒಬ್ಬ ಲೋಕೋ ಪೈಲಟ್, ಒಂದು ವೇಳಾಪಟ್ಟಿ. ಒಂಟಿ ಹಳಿಯ ಹಳೆಯ ಟೋಕನ್ ಪದ್ಧತಿಯನ್ನೂ ತರಬಹುದು: ಎರಡು ನಿಲ್ದಾಣಗಳ ನಡುವೆ ಒಂದೇ ಬಳೆ, ಬಳೆ ಕೈಯಲ್ಲಿಲ್ಲದವನು ರೈಲು ಬಿಡುವಂತಿಲ್ಲ. ಅಜ್ಜಿ ಸ್ಟೇಷನ್ ಮಾಸ್ಟರಾದರೆ ನಿಯಮ ಮೀರುವವರೇ ಇರುವುದಿಲ್ಲ.

ಪ್ರೌಢಶಾಲೆ, ಕಾಲೇಜಿನ ಹುಡುಗ ಹುಡುಗಿಯರನ್ನು ಸೆಳೆಯುವುದು ಸಿಗ್ನಲ್. ಕೆಂಪು, ಹಳದಿ, ಜೋಡಿ ಹಳದಿ, ಹಸಿರು ಎಲ್‌ಇಡಿಗಳನ್ನು ಒಂದೊಂದಕ್ಕೂ ಒಂದು ಕಿಲೋ-ಓಮ್ ರೆಸಿಸ್ಟರ್ ಹಾಕಿ 12 ವೋಲ್ಟಿಗೆ ಕೊಟ್ಟು, ಮೊದಲು ಸ್ವಿಚ್ಚಿನಿಂದ ಬೆಳಗಿಸಲಿ. ಆಮೇಲೆ ರೈಲು ಹಾದ ಕೂಡಲೇ ತಾನೇ ಬದಲಾಗುವಂತೆ ಆರ್ಡುಯಿನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಪ್ರೋಗ್ರಾಂ ಬರೆಯಲಿ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಸಿಗುತ್ತದೆ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾರ್ಥಿಗಳ ಮಾದರಿ ರೈಲು ಕ್ಲಬ್ಬಿನಲ್ಲಿ ಹಲಗೆಯ ಕೆಳಗೆ ಟೆಲಿಫೋನ್ ರಿಲೇಗಳನ್ನು ಜೋಡಿಸುತ್ತಿದ್ದ ಹುಡುಗರೇ ಮುಂದೆ ಅಲ್ಲಿನ ಮೊದಮೊದಲ ಕಂಪ್ಯೂಟರುಗಳ ಪ್ರೋಗ್ರಾಮರುಗಳಾದರು. ತಂದೆ-ತಾಯಿ ಇದನ್ನು ಓದಿಗೆ ಅಡ್ಡಿ ಎಂದು ಎಣಿಸುವುದಾದರೆ ಈ ಚರಿತ್ರೆಯನ್ನು ತಿಳಿದಿರಬೇಕು.

ಕಟ್ಟಿದ್ದನ್ನು ತೋರಿಸಲು ನಮ್ಮಲ್ಲಿ ಸಂದರ್ಭಗಳಿಗೆ ಬರವಿಲ್ಲ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸಿ ಪಾರ್ಕು ಮಾಡುವ ರೂಢಿ ಇದ್ದೇ ಇದೆ. ಅದರ ಪಕ್ಕ ಒಂದು ಹಲಗೆ ಹಳಿ ಸೇರಿದರೆ ಗೊಂಬೆ ನೋಡಲು ಬಂದ ಮಕ್ಕಳು ಅಲ್ಲೇ ಕೂರುತ್ತಾರೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಇನ್ನೊಂದು. ನಾಲ್ಕು ಹಲಗೆಗಳು ಕೂಡಿದರೆ ಹದಿನಾರು ಅಡಿಯ ಮಾರ್ಗ. ಎಂಜಿನ್ನಿಗೆ ಮೂರೇ ಬೋಗಿ ಸಾಕು, ಅದಕ್ಕಿಂತ ಹೆಚ್ಚಾದರೆ ಪ್ಲಾಟ್‌ಫಾರಂ ಸಾಲದು. ಜನ ಮುಟ್ಟದಂತೆ ಒಂದಡಿ ಮುಂದೆ ಹಗ್ಗ ಕಟ್ಟಬೇಕು, ಆದರೆ ನಿಯಂತ್ರಣದ ಗುಂಡಿಯನ್ನು ನೋಡಲು ಬಂದ ಮಕ್ಕಳ ಕೈಗೆ ಸರದಿಯಲ್ಲಿ ಕೊಡಬೇಕು. ಪ್ರದರ್ಶನಕ್ಕೆ ಮುಂಚೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹಳಿಯ ಮೇಲ್ಮೈ ಒರೆಸಿ, ಅದು ಆರಿದ ಮೇಲೆಯೇ ವಿದ್ಯುತ್ ಕೊಡಬೇಕು. ಮುಗಿದ ಮೇಲೆ ಹಲಗೆಗಳನ್ನು ಬಿಚ್ಚಿ, ಹಳೆಯ ಸೀರೆ ಹೊದಿಸಿ ಮಂಚದ ಕೆಳಗೆ ತಳ್ಳಿದರೆ ಧೂಳು ಸೇರುವುದಿಲ್ಲ.